ಕಲಶದ ನೀರು, ನಲ್ಲಿಯ ನೀರು

ಶರನ್ನವರಾತ್ರಿಯ ಪಾಡ್ಯದಂದು ಕಲಶಸ್ಥಾಪನೆ ಮಾಡುವ ಗೃಹಸ್ಥನು ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿಯರನ್ನು ಹೆಸರು ಹಿಡಿದು ಆವಾಹಿಸುತ್ತಾನೆ. ಹೈದರಾಬಾದಿನ ಕನ್ನಡಿಗನ ಮಟ್ಟಿಗೆ ಇದು ಕೇವಲ ಭಾವನೆಯ ಮಾತಲ್ಲ. ಗೋದಾವರಿಯು 2015ರಿಂದ ಪ್ರತ್ಯಕ್ಷವಾಗಿಯೇ ಈ ನಗರದ ನಲ್ಲಿಗಳಿಗೆ ಬಂದಿದ್ದಾಳೆ. ಆವಾಹನೆಯಲ್ಲಿ ಹೆಸರಿಲ್ಲದ ಕೃಷ್ಣೆಯು 2004ರಲ್ಲಿಯೇ ಬಂದಳು. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ರಾಯಚೂರು ಸೀಮೆಯನ್ನು ತಣಿಸಿ ಬರುವ ತವರಿನ ನದಿ ಅವಳು. ಅವಳಿಗೂ ಮೊದಲು, 1960ರ ದಶಕದಲ್ಲಿ, ಬೀದರಿನ ನೆಲದಲ್ಲಿ ಹರಿದ ಮಂಜೀರೆ ಇಲ್ಲಿಗೆ ಬಂದಿದ್ದಳು.

ಅದಕ್ಕೂ ಹಿಂದಿನ ಕಥೆಯಲ್ಲಿಯೂ ಕನ್ನಡಿಗನೊಬ್ಬನ ಕೈಯಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ ನಿಜಾಮರ ಸರ್ಕಾರವು 1909ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯಂತೆ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರವೂ ಅದರ ಉಪನದಿ ಈಸಿಗೆ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. ಕೊಂದ ನೀರೇ ಕುಡಿಯುವ ನೀರಾಯಿತು. ನಗರ ಬೆಳೆದಂತೆ ಅದು ಸಾಲದಾಯಿತು. ಇಂದು ಕೃಷ್ಣೆ ಗೋದಾವರಿಯರನ್ನು ನೂರು ಕಿಲೋಮೀಟರಿಗೂ ಹೆಚ್ಚಿನ ದೂರದಿಂದ ಪಂಪುಗಳ ಬಲದಿಂದ ಎತ್ತಿ ತರಬೇಕಾಗಿದೆ. ಇಷ್ಟು ಶ್ರಮಪಟ್ಟು ಕರೆತಂದ ದೇವಿಯನ್ನು ಮನೆಯವರು ಉಪಚರಿಸುವ ಬಗೆ ಹೇಗೆ?

ಸಂಕೋಚದಿಂದಲೇ ಹೇಳಬೇಕಾದ ಮಾತೊಂದುಂಟು. ಆಸ್ತಿಕರ ಮನೆಗಳಲ್ಲಿ ನೀರು ಅತಿಯಾಗಿ ವ್ಯಯವಾಗುವುದು ಹಲವೊಮ್ಮೆ ಮಡಿಯ ಹೆಸರಿನಲ್ಲಿಯೇ. ನಲ್ಲಿಯನ್ನು ತಿರುಗಿಸಿ ಬಿಟ್ಟು ದೇವರ ಪಾತ್ರೆ ಬೆಳಗುವುದು, ತೊಳೆದ ಅಂಗಳವನ್ನೇ ಮತ್ತೆ ತೊಳೆಯುವುದು ಶುಚಿತ್ವದ ಲಕ್ಷಣವೆಂದು ಭಾವಿಸಿದವರಿದ್ದಾರೆ. ಆದರೆ ಶಾಸ್ತ್ರದ ರೀತಿ ಹೀಗಿಲ್ಲ. ಆಚಮನಕ್ಕೆ ಎಷ್ಟು ನೀರು? ಉದ್ದಿನ ಕಾಳೊಂದು ಮುಳುಗುವಷ್ಟು. ಅದನ್ನು ಅಳೆಯಲೆಂದೇ ಉದ್ಧರಣೆ ಇದೆ. ತೀರ್ಥವನ್ನು ಸ್ವೀಕರಿಸುವಾಗ ಹನಿ ನೆಲಕ್ಕೆ ಬೀಳಬಾರದೆಂದು ಅಂಗೈಯ ಕೆಳಗೆ ವಸ್ತ್ರ ಹಿಡಿಯುವ ಹಿರಿಯರನ್ನು ಯಾರು ಕಂಡಿಲ್ಲ? ಅಭಿಷೇಕದ ನೀರನ್ನು ಚರಂಡಿಗೆ ಚೆಲ್ಲುವುದಿಲ್ಲ, ಗಿಡದ ಬುಡಕ್ಕೆ ಹಾಕುತ್ತಾರೆ. ದೇವರ ಕೋಣೆಯ ಈ ಎಚ್ಚರವು ಹೊಸ್ತಿಲು ದಾಟಿ ಬಚ್ಚಲಿಗೆ ಬರುವಷ್ಟರಲ್ಲಿ ಎಲ್ಲಿ ಕರಗಿಹೋಗುತ್ತದೆಯೋ!

2021ರ ಜನವರಿಯಿಂದ ನಗರದ ಜಲಮಂಡಳಿಯು ಮನೆಯೊಂದಕ್ಕೆ ತಿಂಗಳಿಗೆ 20,000 ಲೀಟರು ನೀರಿಗೆ ಶುಲ್ಕವಿಲ್ಲವೆಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ಐವರ ಸಂಸಾರಕ್ಕೆ ಹಂಚಿದರೆ ತಲೆಗೆ ದಿನವೊಂದಕ್ಕೆ ಸುಮಾರು 133 ಲೀಟರು. ಇದು ಕಡಿಮೆಯೇನಲ್ಲ, ನಗರಗಳಿಗೆ ತಜ್ಞರು ಹಾಕಿದ ಸಾಮಾನ್ಯ ಲೆಕ್ಕವೇ 135. ಬಕೆಟ್ಟು ತಂಬಿಗೆಯ ಸ್ನಾನಕ್ಕೆ ಇಪ್ಪತ್ತು ಲೀಟರು ಧಾರಾಳ. ಷವರಿನ ಕೆಳಗೆ ಸ್ತೋತ್ರ ಮುಗಿಯುವವರೆಗೆ ನಿಂತರೆ ಅದರ ಮೂರು ನಾಲ್ಕು ಪಟ್ಟು ಹರಿದೀತು. ಶೌಚಾಲಯದ ಹಳೆಯ ತೊಟ್ಟಿ ಒಂದು ಸಲಕ್ಕೆ ಹತ್ತು ಲೀಟರು ನುಂಗುತ್ತದೆ. ಎರಡು ಗುಂಡಿಯ ಹೊಸದಕ್ಕೆ ಮೂರು ಅಥವಾ ಆರು ಸಾಕು. ಆರ್.ಓ. ಯಂತ್ರವು ಒಂದು ಲೀಟರು ಶುದ್ಧಜಲ ಕೊಡಲು ಎರಡು ಮೂರು ಲೀಟರನ್ನು ಹೊರದೂಡುವುದುಂಟು. ಆ ಕೊಳವೆಯ ತುದಿಗೆ ಬಕೆಟ್ಟು ಇಟ್ಟರೆ ನೆಲ ಒರೆಸುವ ಕೆಲಸ ಸಾಗುತ್ತದೆ. ಅಕ್ಕಿ ತೊಳೆದ ನೀರನ್ನು ಊರಿನಲ್ಲಿ ಹಸುವಿಗೆ ಇಡುತ್ತಿದ್ದರು; ಫ್ಲಾಟಿನಲ್ಲಿ ಹಸುವಿಲ್ಲ, ತುಳಸಿಯಂತೂ ಇದ್ದಾಳೆ.

ಅನೇಕ ಬಡಾವಣೆಗಳಿಗೆ ನೀರು ಬರುವುದು ದಿನ ಬಿಟ್ಟು ದಿನ. ಫ್ಲಾಟಿನಲ್ಲಿ ಪಾತ್ರೆ ತೊಳೆದು ಬಸ್ತಿಗೆ ಹಿಂತಿರುಗುವ ಹೆಂಗಸು ಅಲ್ಲಿ ಬಿಂದಿಗೆ ಹಿಡಿದು ಸರದಿಯಲ್ಲಿ ನಿಲ್ಲಬೇಕು. ನವರಾತ್ರಿಯಲ್ಲಿ ಸುವಾಸಿನಿಯೆಂದು ಕರೆದು ಬಾಗಿನ ಕೊಡುವ ಕೈಗೆ, ಅವಳ ಪಾಲಿನ ನೀರನ್ನು ಹರಿಯಬಿಡುವ ಹಕ್ಕು ಯಾವ ಧರ್ಮದಿಂದ ಬಂದೀತು?

ಮಹಾನವಮಿಯಂದು ಆಯುಧಪೂಜೆ. ಕಾರು, ಸ್ಕೂಟರುಗಳಿಗೆ ಪೈಪು ಹಿಡಿಯುವುದು ಈಗಿನ ರೂಢಿ. ಒಂದು ಬಕೆಟ್ಟು ನೀರು, ಒಂದು ಒದ್ದೆ ಬಟ್ಟೆ ಸಾಕಾದೀತು. ಮನೆಯ ನಲ್ಲಿಯೂ ಒಂದು ಆಯುಧವೇ. ಅಷ್ಟಮಿಯೊಳಗೆ ಅದರ ಸವೆದ ವಾಷರನ್ನು ಬದಲಾಯಿಸಿ, ತೊಟ್ಟಿಕ್ಕುವುದು ನಿಂತ ಮೇಲೆ ಅದಕ್ಕೂ ಅರಿಶಿನ ಕುಂಕುಮ ಹಚ್ಚಬಹುದು.