ಹಗೇವಿನ ಬಾಯಿ

ಪವಿತ್ರ ಗ್ರಂಥದಲ್ಲಿ ಎರಡು ಬಗೆಯ ಕಣಜಗಳನ್ನು ಕಾಣುತ್ತೇವೆ. ಒಂದು, ಬರಗಾಲವನ್ನು ಮುಂಗಂಡು ಯೋಸೇಫನು ಈಜಿಪ್ಟಿನಲ್ಲಿ ತುಂಬಿಸಿದ್ದು. ಇನ್ನೊಂದು, ಬೆಳೆ ಹೆಚ್ಚಿದಾಗ ಹಳೆಯದನ್ನು ಕೆಡವಿ ದೊಡ್ಡದನ್ನು ಕಟ್ಟಲು ಬಯಸಿದ ಸಿರಿವಂತನದು. ಕೂಡಿಟ್ಟವರು ಇಬ್ಬರೂ ಹೌದು. ಹಾಗಾದರೆ ಒಬ್ಬನು ವಿವೇಕಿ, ಮತ್ತೊಬ್ಬನು ಮತಿಹೀನ ಎನಿಸಿಕೊಂಡದ್ದೇಕೆ?

ಉತ್ತರವನ್ನು ನಮ್ಮ ಮಣ್ಣಿನಲ್ಲೇ ಹುಡುಕೋಣ. ಕೆನಡಾದ ಬಯಲುಗಳಲ್ಲಿ ರೈಲು ಹಳಿಗಳ ಬದಿಗೆ ಮರದ ಧಾನ್ಯಗೋಪುರಗಳು ಮುಗಿಲೆತ್ತರಕ್ಕೆ ಎದ್ದವು. ನಮ್ಮ ಉತ್ತರ ಕರ್ನಾಟಕದಲ್ಲಿ ಕಣಜವು ನೆಲದೊಳಗೆ ಇಳಿಯಿತು. ಅದೇ ಹಗೇವು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಹೊಂದಿಸಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಪ್ರಾಣವಾಯು ಕ್ರಮೇಣ ತೀರಿ ಹುಳುಗಳು ಸಾಯುತ್ತಿದ್ದವು, ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು.

ಆದರೆ ಕಾಳನ್ನು ಕಾಯುವ ಆ ಗಾಳಿಯೇ ಮನುಷ್ಯನನ್ನು ಕೊಲ್ಲಬಲ್ಲದು. ಆದ್ದರಿಂದ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಮೊದಲು ದೀಪವನ್ನು ಒಳಗಿಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಹಗೇವನ್ನು ಕನ್ನಡದಲ್ಲಿ ಹಗೆ ಎಂದೂ ಕರೆಯುತ್ತಾರೆ. ವೈರಕ್ಕೂ ಅದೇ ಉಚ್ಚಾರ. ಪದಗಳು ಬೇರೆಯಾದರೂ ಈ ಹೋಲಿಕೆ ನಮ್ಮನ್ನು ಎಚ್ಚರಿಸಬೇಕು.

1876–78ರ ಭೀಕರ ಬರದಲ್ಲಿ ಬೆಳಗಾವಿ, ವಿಜಯಪುರ ಸೀಮೆಗಳು ತತ್ತರಿಸಿದವು. ಕುಡಚಿಯ ಮೇಲೆ ಹಾದುಹೋಗುವ ಹಳಿಗಳನ್ನು ಹಾಕಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಆ ಬಳಿಕ, 1882ರಲ್ಲಿ. ಅಂದು ಇಲ್ಲಿಗೆ ರೈಲು ಇರಲಿಲ್ಲ, ನಿಜ. ಆದರೆ ಹಳಿಗಳಿದ್ದ ಕಡೆ ಎಲ್ಲರ ಹೊಟ್ಟೆ ತುಂಬಿತೇ? ಅದೇ ವರ್ಷಗಳಲ್ಲಿ ಭಾರತದ ಗೋದಿ ಹಡಗೇರಿ ಇಂಗ್ಲೆಂಡಿಗೆ ಸಾಗುತ್ತಿತ್ತು. ಧಾನ್ಯವೂ ಇತ್ತು, ದಾರಿಯೂ ಇತ್ತು. ಹಸಿದವನ ಕೈಯಲ್ಲಿ ಹಣವಿರಲಿಲ್ಲ, ಉಳ್ಳವರಲ್ಲಿ ಮನಸ್ಸಿರಲಿಲ್ಲ.

ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕಿಯ ನಾಡಿಗೆ ಬರ ಬಂದಾಗ ಸಂತ ಬೆಸಿಲರು ಸಿರಿವಂತರ ಕಣಜಗಳ ಮುಂದೆ ಇದೇ ಮಾತನ್ನೆತ್ತಿದರು. ಮಿಕ್ಕ ಧಾನ್ಯ ಹಸಿದವನ ಪಾಲು ಎಂಬುದು ಅವರ ನಿಲುವು.

ನಾಳೆಗೆಂದು ಕೂಡಿಡುವುದು ಪಾಪವಲ್ಲ. ರೈತನು ಬೀಜ ಉಳಿಸದಿದ್ದರೆ ಮುಂದಿನ ಬೆಳೆಯೇ ಇಲ್ಲ. ಯೋಸೇಫನು ಕ್ಷಾಮ ಬಂದಾಗ ಕಣಜಗಳನ್ನು ತೆರೆಸಿದನು. ಸಿರಿವಂತನು ತೆರೆಯುವ ದಿನವನ್ನೇ ಎಣಿಸಿರಲಿಲ್ಲ. ವ್ಯತ್ಯಾಸವಿರುವುದು ಇಷ್ಟರಲ್ಲೇ.

ಇಂದು ಸತ್ತಿಯ ಸುತ್ತಲಿನ ಸೀಮೆಯಲ್ಲಿ ಜೋಳದ ಹೊಲಗಳನ್ನು ಕಬ್ಬು ಆವರಿಸಿದೆ, ಪಡಿತರದ ಅಕ್ಕಿ ಮನೆಗೆ ಬರುತ್ತದೆ, ಹಗೇವುಗಳು ಮುಚ್ಚಿಹೋಗಿವೆ. ಆದರೆ ನಮ್ಮ ಬ್ಯಾಂಕಿನ ಠೇವಣಿ, ಚಿನ್ನ, ನಿವೇಶನಗಳೂ ಹಗೇವುಗಳೇ ಅಲ್ಲವೇ? ಅವುಗಳ ಬಾಯಿಯನ್ನು ನಾವು ಯಾರಿಗಾಗಿ, ಯಾವಾಗ ತೆರೆಯುತ್ತೇವೆ? ಒಮ್ಮೆ ದೀಪವನ್ನು ಇಳಿಸಿ ನೋಡೋಣ. ಅದು ಆರಿದರೆ, ಒಳಗಿನ ಕಾಳು ಕ್ಷೇಮವಾಗಿರಬಹುದು, ನಾವು ಕ್ಷೇಮವಾಗಿಲ್ಲ.