ಬೈಕಿನ ಕೀ ಯಾರ ಬಳಿ ಇರಬೇಕು?



ನೀವು ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯವರು ಎಂದುಕೊಳ್ಳಿ. ಅರವತ್ತು ತುಂಬಿ, ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ಹಾರ ಶಾಲು ಹಾಕಿಸಿಕೊಂಡು ಊರಿಗೆ ಮರಳಿದ್ದೀರಿ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಒಂದು ಹಳೆಯ ಯೆಜ್ಡಿ ನಿಂತಿದೆ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ವಾಣಿವಿಲಾಸ ಸಾಗರ ನೋಡಿಬಂದ ಗಾಡಿ ಅದು. ವರ್ಗಾವಣೆ, ಮಕ್ಕಳ ಓದು, ಮನೆ ಸಾಲಗಳ ನಡುವೆ ಅದು ಮೂಲೆ ಸೇರಿತು. ಈಗ ಧೂಳು ಒರೆಸಿ, ಮೆಕ್ಯಾನಿಕ್‌ನನ್ನು ಕರೆಸೋಣ ಎನ್ನುತ್ತೀರಿ. ಬೆಂಗಳೂರಿನಿಂದ ಮಗಳು ಫೋನಿನಲ್ಲೇ ಗದರುತ್ತಾಳೆ: "ಈ ವಯಸ್ಸಲ್ಲಿ ಬೈಕ್ ಯಾಕಪ್ಪಾ? ಸುಮ್ಮನೆ ಮನೇಲಿರಬಾರದಾ?" ಭಾನುವಾರ ಬಂದ ಮಗ ಹೇಳದೆ ಕೇಳದೆ ಕೀಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ.

ಈ ಜಗಳದಲ್ಲಿ ನ್ಯಾಯ ಯಾರ ಕಡೆಗಿದೆ?

ಮೊದಲು ನಿಮ್ಮ ಆಸೆಯ ಮಾತು. ಅದನ್ನು ಮುದುಕನ ಹುಡುಗಾಟ ಎಂದು ತಳ್ಳಿಹಾಕುವುದು ಸರಿಯಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾದ ಈ ಬೈಕುಗಳು ನಮ್ಮ ನಾಡಿನ ಒಂದು ಪೀಳಿಗೆಯನ್ನೇ ಹೊತ್ತು ತಿರುಗಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಅವುಗಳ ಮೇಲಿನ ಮಮತೆ ಆರಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯ ಮೂಲಕ ಮತ್ತೆ ರಸ್ತೆಗೆ ಬಂದವು. ನೀವು ಮೂವತ್ತು ವರ್ಷ ಗಾಡಿ ಓಡಿಸಿದ್ದೆಲ್ಲ ಕಚೇರಿಗಾಗಿ, ಸಂತೆಗಾಗಿ, ಮಕ್ಕಳ ಫೀಸು ಕಟ್ಟುವುದಕ್ಕಾಗಿ. ಈಗ ಮೊದಲ ಬಾರಿಗೆ ಯಾವ ಅವಸರವೂ ಇಲ್ಲದೆ, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ ಹೋಗುವ ಅವಕಾಶ ಸಿಕ್ಕಿದೆ. ಬ್ಯಾಂಕಿಗೋ ಔಷಧಿಗೋ ಹೋಗಲು ಯಾರನ್ನೂ ಕಾಯಬೇಕಿಲ್ಲ. ಇನ್ನೊಬ್ಬರ ಮುಂದೆ ಕೈ ಚಾಚದೆ ಬದುಕುವ ಆಸೆ ತಪ್ಪೇ? ಖಂಡಿತ ಅಲ್ಲ.

ಆದರೆ ಮಗಳ ಭಯವೂ ಸುಳ್ಳಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗವಷ್ಟೇ. ಎದುರು ಲಾರಿಯ ದೀಪ ಕಣ್ಣಿಗೆ ಹೊಡೆದರೆ ದೃಷ್ಟಿ ಮತ್ತೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಸೊಂಟದ ಮೂಳೆ ಮುರಿದರೆ ನೋವು ನಿಮ್ಮದೇ, ನಿಜ. ಆದರೆ ಆರು ತಿಂಗಳು ನಿಮ್ಮನ್ನು ಎತ್ತಿ ಕೂರಿಸುವವಳು ಹೆಂಡತಿ. ರಜೆ ಹಾಕಿ ಆಸ್ಪತ್ರೆಗೆ ಓಡಾಡುವವಳು ಮಗಳು. "ನನ್ನ ಜೀವ, ನನ್ನಿಷ್ಟ" ಎಂಬ ಮಾತು ಸಂಸಾರಸ್ಥನಿಗೆ ಒಪ್ಪುವುದಿಲ್ಲ. ರಸ್ತೆಯಂಚಿನಲ್ಲಿ ನಡೆದುಹೋಗುವ ಶಾಲೆಯ ಮಗುವಿಗಂತೂ ನಿಮ್ಮ ಇಷ್ಟದ ಭಾರ ಹೊರುವ ಯಾವ ಕರ್ತವ್ಯವೂ ಇಲ್ಲ.

ಇಲ್ಲಿ ಕಾನೂನು ಹೇಳುವುದನ್ನು ಗಮನಿಸಿ. ಐವತ್ತೈದು ದಾಟಿದವರಿಗೆ ಚಾಲನಾ ಪರವಾನಗಿಯನ್ನು ಒಮ್ಮೆಗೆ ಐದು ವರ್ಷಕ್ಕೆ ಮಾತ್ರ ನವೀಕರಿಸುತ್ತಾರೆ. ವೈದ್ಯರ ಪ್ರಮಾಣಪತ್ರವೂ ಬೇಕು. ಅವಧಿ ಮುಗಿದು ವರ್ಷ ಕಳೆದಿದ್ದರೆ ಮತ್ತೆ ಓಡಿಸಿ ತೋರಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಗೂ ಒಮ್ಮೆಗೆ ಐದೇ ವರ್ಷ. ಸವಾರನೂ ಗಾಡಿಯೂ ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಬೇಕು. "ನಿನಗೆ ವಯಸ್ಸಾಯಿತು, ಬೇಡ" ಎಂದು ಕಾನೂನು ಹೇಳುವುದಿಲ್ಲ. "ಈಗ ಹೇಗಿದ್ದೀಯ, ತೋರಿಸು" ಎನ್ನುತ್ತದೆ. ಆದರೆ ನಾವು ಮಾಡುವುದೇನು? ಪರಿಚಯದ ವೈದ್ಯರ ಬಳಿ ಹೋಗಿ, ಕಣ್ಣು ತೋರಿಸದೆಯೇ ಸಹಿ ಹಾಕಿಸಿಕೊಂಡು ಬರಬಹುದೆಂದು ಯೋಚಿಸುತ್ತೇವೆ. ಪಾಪ ಇರುವುದು ಬೈಕಿನಲ್ಲಲ್ಲ, ಈ ಸುಳ್ಳಿನಲ್ಲಿ.

ಆದ್ದರಿಂದ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಗಾಡಿಯನ್ನು ಒಬ್ಬರೇ ಸ್ಟ್ಯಾಂಡಿಗೆ ಹಾಕಬಲ್ಲಿರಾ? ಕುತ್ತಿಗೆ ತಿರುಗಿಸಿ ಹಿಂದೆ ಬರುವ ಬಸ್ಸನ್ನು ನೋಡಬಲ್ಲಿರಾ? ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಗಿ ಹುಲ್ಲು ಹರಡಿದ್ದರೆ ಜಾರದೆ ದಾಟಬಲ್ಲಿರಾ? ಹಿಂದೆ ನೀವು ಓಡಿಸಿದ್ದು ಹಳೆಯ ಬುಲೆಟ್ ಆಗಿದ್ದರೆ ಇನ್ನೂ ಎಚ್ಚರಿಕೆ ಬೇಕು. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇತ್ತು. ಇಂದಿನ ಬೈಕುಗಳಲ್ಲಿ ಅದು ತಿರುಗುಮುರುಗು. ದನ ಅಡ್ಡ ಬಂದ ಕ್ಷಣದಲ್ಲಿ ಕಾಲು ಹಳೆಯ ಅಭ್ಯಾಸವನ್ನೇ ಹುಡುಕುತ್ತದೆ. ಊರ ಹೊರಗಿನ ಬಯಲಿನಲ್ಲಿ ಒಂದು ತಿಂಗಳು ಕಲಿಯುವವನಂತೆ ಅಭ್ಯಾಸ ಮಾಡುವುದರಲ್ಲಿ ನಾಚಿಕೆಯೇನು?

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಒಂದಿದೆ: ನಿಮ್ಮ ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತೀರಾ? "ಅವಳು ಬೇಡ, ನಾನೊಬ್ಬನೇ ಹೋಗುತ್ತೇನೆ" ಎಂದು ಮನಸ್ಸು ಹಿಂಜರಿದರೆ, ಉತ್ತರ ನಿಮಗೆ ಆಗಲೇ ಗೊತ್ತಿದೆ. ಮೊಮ್ಮಗಳಿಗೆ ಕ್ಷೇಮವಲ್ಲದ ಕೈ ದಾರಿಹೋಕರ ಮಕ್ಕಳಿಗೂ ಕ್ಷೇಮವಲ್ಲ.

ಮಕ್ಕಳಿಗೂ ಒಂದು ಮಾತು. ತಂದೆಯ ಕೀಯನ್ನು ಕದ್ದೊಯ್ಯುವುದು ಪ್ರೀತಿಯ ಹೆಸರಿನಲ್ಲಿ ಮಾಡುವ ಅವಮಾನ. ನಿಮಗೆ ಸೈಕಲ್ ಕಲಿಸಿದಾಗ ಅವರು ಹಿಂದೆ ಹಿಡಿದುಕೊಂಡು ಓಡಿದರು. ಬಿದ್ದೀರೆಂದು ಸೈಕಲನ್ನು ಬಚ್ಚಿಡಲಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಇನ್ನೊಂದು ಗಾಡಿಯಲ್ಲಿ ಅವರ ಹಿಂದೆ ಹೋಗಿ ನೋಡಿ. ಕಂಡದ್ದನ್ನು ಮುಖ ನೋಡಿ ಹೇಳಿ. ಕಣ್ಣಿನ ಪರೀಕ್ಷೆಗೆ ಜೊತೆಯಲ್ಲಿ ಹೋಗಿ. ಐಎಸ್ಐ ಗುರುತಿನ ಒಳ್ಳೆಯ ಹೆಲ್ಮೆಟ್ ಕೊಡಿಸಿ.

ಹಾಗೆಯೇ ಹಿರಿಯರೇ, ಗಾಡಿ ಹೊರಡಿಸುವ ಮುನ್ನವೇ ಅದನ್ನು ನಿಲ್ಲಿಸುವ ಬಗೆಯನ್ನು ಮಾತಾಡಿಕೊಳ್ಳಿ. "ಕತ್ತಲಾದ ಮೇಲೆ ಓಡಿಸುವುದಿಲ್ಲ. ನನ್ನ ಕೈ ನಡುಗುವುದು ನಿನಗೆ ಕಂಡ ದಿನ ಹೇಳು, ಎದುರು ಮಾತಾಡದೆ ಬಿಡುತ್ತೇನೆ" ಎಂದು ಹೆಂಡತಿಗೆ ಮಾತು ಕೊಡಿ. ಆ ದಿನ ಬಂದಾಗ ಮಾತು ಉಳಿಸಿಕೊಳ್ಳುವುದು ಗಾಡಿ ಓಡಿಸುವುದಕ್ಕಿಂತ ಕಷ್ಟ. ಅದಕ್ಕೇ ಇಂದೇ, ಕೈ ಗಟ್ಟಿಯಾಗಿರುವಾಗಲೇ ಕೊಡಬೇಕು.

ಹಾಗಾದರೆ ಕೀ ಯಾರ ಬಳಿ ಇರಬೇಕು? ನಿಮ್ಮ ಜೇಬಿನಲ್ಲೂ ಬೇಡ, ಮಗನ ಜೇಬಿನಲ್ಲೂ ಬೇಡ. ನಡುಮನೆಯ ಗೋಡೆಯಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಮೊಳೆ ಹೊಡೆದು ಅಲ್ಲಿ ತೂಗುಹಾಕಿ. ತೆಗೆದುಕೊಳ್ಳುವಾಗ ಹೇಳಿ ಹೋಗಿ. ಬಂದ ಮೇಲೆ ಮತ್ತೆ ಅಲ್ಲೇ ಇಡಿ.