ಕರೆಂಟು ಹೋದಾಗ

ಉದ್ಯೋಗಂ ಪುರುಷಲಕ್ಷಣಂ. ಡಿಗ್ರಿ ಮುಗಿಸಿ ಕಟ್ಟೆ ಕಾಯುವ ಹುಡುಗನಿಗೆ ಹಿರಿಯರು ಕುಟುಕುವ ಮಾತು. ಸಂಸ್ಕೃತದ್ದಾದರೂ ಈಗದು ಕನ್ನಡದ ಗಾದೆಯೇ. ಕನ್ನಡಕ್ಕೆ ಬರುವ ದಾರಿಯಲ್ಲಿ ಅರ್ಥ ಸಣ್ಣದಾಯಿತು. ಸಂಸ್ಕೃತದಲ್ಲಿ ಉದ್ಯೋಗವೆಂದರೆ ಪ್ರಯತ್ನ, ಟೊಂಕ ಕಟ್ಟಿ ತೊಡಗುವುದು. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ಸಂಬಳವಿಲ್ಲ! ನಮ್ಮ ಬಾಯಲ್ಲಿ ಅದು ಕೈಗೆ ಕಾಸು ತರುವ ಕೆಲಸ. ‘ಪುರುಷ’ನಿಗೆ ಮನುಷ್ಯ ಎಂಬ ಅರ್ಥವೂ ಉಂಟೆಂದು ಗಾದೆಯನ್ನು ಉಳಿಸಿಕೊಳ್ಳಬಹುದು. ನನಗೆ ಆ ಜಾಣತನ ಬೇಡ. ಕಟ್ಟೆ ಮೇಲಿನ ಹುಡುಗನ ತಂಗಿಯನ್ನು ಯಾರೂ ಹೀಗೆ ಕುಟುಕುವುದಿಲ್ಲವಲ್ಲ.

ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಉದ್ಯೋಗದ ಎರಡೂ ಅರ್ಥ ಒಂದೇ ಸೂರಿನಡಿ ಇವೆ. ಗಂಡ ಪವರ್‌ಲೂಮಿನ ಮುಂದೆ, ಹೆಂಡತಿ ಪಕ್ಕದಲ್ಲಿ ಅಡ್ಡ ಎಳೆಯ ನೂಲನ್ನು ಕಂಡಿಕೆಗೆ ಸುತ್ತುತ್ತ. ಲಾಳಿಯಲ್ಲಿ ಕಂಡಿಕೆ ಮುಗಿದರೆ ಹೊಕ್ಕಿಲ್ಲ, ಹೊಕ್ಕಿಲ್ಲದೆ ಸೀರೆಯಿಲ್ಲ. ಮಜೂರಿ ಮಾತ್ರ ಸೀರೆಗಿಷ್ಟು ಅಂತ ಗಂಡನ ಲೆಕ್ಕಕ್ಕೆ. ಕಂಡಿಕೆ ಅದರೊಳಗೇ ಬಂತು. ಮಗ್ಗವನ್ನೇ ನಡೆಸುವ ಹೆಂಗಸರೂ ಇದ್ದಾರೆ, ಅನ್ನಿ.

ಕರೆಂಟು ಹೋದಾಗ ನೋಡಬೇಕು. ಇಡೀ ಬೀದಿಯ ಸದ್ದು ಒಮ್ಮೆಲೇ ನಿಲ್ಲುತ್ತದೆ. ಗಂಡಸರು ಟವೆಲ್ಲಿನಲ್ಲಿ ಕತ್ತು ಒರೆಸಿಕೊಂಡು ಟೀ ಅಂಗಡಿಗೆ. ಹೆಂಗಸರು ಬೆರಳಿಗಂಟಿದ ಎಳೆ ಬಿಡಿಸಿಕೊಂಡು ಅಕ್ಕಿ ತೊಳೆಯಲು ಒಳಕ್ಕೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಾರೆ ಎನ್ನುತ್ತದೆ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ. ಅದೂ ಆ ಕೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ.

ಐಸ್‌ಲ್ಯಾಂಡಿನ ಹೆಂಗಸರು ಒಮ್ಮೆ ತಾವೇ ಕರೆಂಟು ತೆಗೆದರು. 1975ರ ಅಕ್ಟೋಬರ್ 24ರಂದು ನೂರಕ್ಕೆ ತೊಂಬತ್ತು ಮಂದಿ ಆಫೀಸು, ಅಡುಗೆ, ಮಕ್ಕಳು ಎಲ್ಲ ಬಿಟ್ಟು ಕೂತರು. ಮರುವರ್ಷ ಅಲ್ಲಿ ಸಮಾನತೆಯ ಕಾನೂನು ಬಂತು. ಅದೇ 1976ರಲ್ಲಿ ನಮ್ಮಲ್ಲೂ ಸಮಾನ ವೇತನ ಕಾಯ್ದೆ ಆಯಿತು. ಆದರೆ ವೇತನವೇ ಇಲ್ಲದ ಕಂಡಿಕೆ ಯಾವುದಕ್ಕೆ ಸಮಾನ? ವಿಶ್ವ ಆರ್ಥಿಕ ವೇದಿಕೆಯ 2025ರ ಲಿಂಗ ಸಮಾನತೆಯ ಪಟ್ಟಿಯಲ್ಲಿ ಐಸ್‌ಲ್ಯಾಂಡ್ ಮೊದಲು, 148 ದೇಶಗಳಲ್ಲಿ ನಾವು 131.

ಈಗ ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅಲ್ಲಿ ಟಾರ್ಗೆಟ್ಟಿನ ಕಾಟ. ಆದರೂ ಪೇ ಸ್ಲಿಪ್ಪಿನಲ್ಲಿ ಹೆಸರಿದೆ, ಪಿ.ಎಫ್. ಇದೆ. ಆ ಪಿ.ಎಫ್. ಹಿಂತೆಗೆಯಲು ಕೇಂದ್ರ ಹೊಸ ಕಟ್ಟುಪಾಡು ತಂದಾಗ, 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಎರಡು ದಿನ ರಸ್ತೆಗಿಳಿದರು, ನಿಯಮ ವಾಪಸಾಯಿತು. ಕೇಳಲು ಅವರ ಹೆಸರಲ್ಲೊಂದು ಗಂಟಿತ್ತು.

ಗಣತಿಯವರು ಬಾಗಿಲಲ್ಲಿ ನಿಂತು “ಏನು ಕೆಲಸ ಮಾಡ್ತೀರಮ್ಮ?” ಅಂದರೆ ಕಂಡಿಕೆಯವಳು ಕೈ ನಿಲ್ಲಿಸದೆ ಹೇಳುತ್ತಾಳೆ: “ನಾನೇನೂ ಇಲ್ಲಪ್ಪ, ಮನೇಲೇ. ನಮ್ಮ ಯಜಮಾನ್ರು ಮಗ್ಗ ನೇಯ್ತಾರೆ.”